ಗಣಕಯಂತ್ರದ ಬೀಸಣಿಗೆ

ಹೊಸ ಅಗ್ರಹಾರದ ಶಾಲೆಯಲ್ಲಾಗಲಿ, ಬೆಂಗಳೂರಿನ ಕಚೇರಿಯಲ್ಲಾಗಲಿ, ಗಣಕಯಂತ್ರದ ಗುಂಡಿಯನ್ನು ಒತ್ತಿದೊಡನೆ ಪೆಟ್ಟಿಗೆಯೊಳಗಿನಿಂದ ಭರ್ರೆಂಬ ಸದ್ದು ಕೇಳಿಬರುವುದುಂಟು. ಕೆಲವು ಕ್ಷಣಗಳಲ್ಲಿ ಅದು ತಗ್ಗುತ್ತದೆ. ಅದು ಬೀಸಣಿಗೆಯ ಸದ್ದು.

ಯಂತ್ರದ ಮಿದುಳೆನಿಸಿದ ಪ್ರೊಸೆಸರ್ ಒಂದು ಪುಟ್ಟ ಸಿಲಿಕಾನ್ ತುಣುಕು. ಅದು ಬಳಸುವ ವಿದ್ಯುಚ್ಛಕ್ತಿಯೆಲ್ಲವೂ ಕಡೆಗೆ ಶಾಖವಾಗುತ್ತದೆ. ಆ ಶಾಖವನ್ನು ಹೊರಸಾಗಿಸದಿದ್ದರೆ ತುಣುಕು ಕೆಡುತ್ತದೆ.

ಯಂತ್ರದ ಕೆಲಸಗಳನ್ನು ನಡೆಸುವುದು ಆಪರೇಟಿಂಗ್ ಸಿಸ್ಟಮ್ ಎಂಬ ಆದೇಶಗಳ ಸಮೂಹ. ಆದರೆ ಗುಂಡಿಯೊತ್ತಿದ ಗಳಿಗೆಯಲ್ಲಿ ಅದು ಇನ್ನೂ ಡಿಸ್ಕಿನಲ್ಲಿ ನಿದ್ರಿಸುತ್ತಿರುತ್ತದೆ. ಹಾಗಾದರೆ ಬೀಸಣಿಗೆಯನ್ನು ತಿರುಗಿಸುವವರಾರು? ಮುಖ್ಯ ಫಲಕದ ಮೇಲಿನ ಸಣ್ಣದೊಂದು ನಿಯಂತ್ರಕ. ಯಜಮಾನನು ಏಳುವ ಮೊದಲೇ ಗದ್ದೆಗೆ ನೀರು ಹಾಯಿಸುವ ನೀರುಗಂಟಿಯಂತೆ ಅದು ಮೊದಲು ಎಚ್ಚರಗೊಳ್ಳುತ್ತದೆ. ಶಾಖವೆಷ್ಟೆಂದು ತಿಳಿಯುವ ಮುನ್ನ ಅಪಾಯಕ್ಕೆ ಎಡೆಗೊಡಬಾರದಷ್ಟೆ; ಆದುದರಿಂದ ಅನೇಕ ಯಂತ್ರಗಳಲ್ಲಿ ಬೀಸಣಿಗೆಯು ಮೊದಲು ಪೂರ್ಣವೇಗದಲ್ಲಿ ತಿರುಗುತ್ತದೆ. ಅನಂತರ ಫಲಕದಲ್ಲೇ ನೆಲೆನಿಂತ ಬಯಾಸ್ ಎಂಬ ಆದೇಶಗಳು ಉಷ್ಣತೆಯ ಅಳತೆಗೆ ತಕ್ಕಂತೆ ವೇಗವನ್ನು ಗೊತ್ತುಮಾಡುತ್ತವೆ.

ಆಪರೇಟಿಂಗ್ ಸಿಸ್ಟಮ್ ಎಚ್ಚೆತ್ತ ಮೇಲೆ, 1996ರಲ್ಲಿ ಪ್ರಕಟವಾದ ಎಸಿಪಿಐ ಎಂಬ ನಿಯಮಾವಳಿಯ ಮೂಲಕ ತಾನೂ ಕಾವಲಿಗೆ ಸೇರಬಲ್ಲುದು. ಶಾಖವೇರಿದರೆ ಬೀಸಣಿಗೆಯ ವೇಗವನ್ನು ಹೆಚ್ಚಿಸುವುದು ಮೊದಲ ಉಪಾಯ. ಪ್ರೊಸೆಸರಿನ ವೇಗವನ್ನು ತಗ್ಗಿಸುವುದು ಎರಡನೆಯದು. ಯಂತ್ರವನ್ನೇ ನಿಲ್ಲಿಸುವುದು ಕೊನೆಯದು. ಒಂದು ವೇಳೆ ಆಪರೇಟಿಂಗ್ ಸಿಸ್ಟಮ್ ನಡುವೆ ಸ್ತಬ್ಧವಾದರೂ ರಕ್ಷಣೆ ತಪ್ಪದು. ಏಕೆಂದರೆ ಉಷ್ಣತೆಯು ಮಿತಿಮೀರಿದಾಗ ಪ್ರೊಸೆಸರ್ ತಾನೇ ಸಂಕೇತ ನೀಡಿ ವಿದ್ಯುತ್ತನ್ನು ಕಡಿಸುತ್ತದೆ.

ಹೀಗೆ ಪ್ರಾಣರಕ್ಷಣೆಯ ಹೊಣೆಯನ್ನು ಒಬ್ಬನೇ ಯಜಮಾನನಿಗೆ ಒಪ್ಪಿಸದಿರುವುದೇ ಈ ಏರ್ಪಾಡಿನ ಜಾಣ್ಮೆ. ಆದರೆ ದೂಳು ಕಟ್ಟಿ ನಿಂತ ಬೀಸಣಿಗೆಯನ್ನು ಯಾವ ಆದೇಶವೂ ತಿರುಗಿಸಲಾರದು. ಗಾಳಿಕಿಂಡಿಯನ್ನು ಶುಚಿಯಾಗಿಡುವ ಕಾವಲುಗಾರ ಮನುಷ್ಯನೇ.