ಪೇರೆಂಟ್‌ನ ಪ್ರೊಫೈಲ್ ಮಾಡ್ಯೂಲ್‌ಗೆ ಬರುತ್ತದೆಯೇ?

ಪ್ರಶ್ನೆ: ಮೇವೆನ್ 3ರಲ್ಲಿ ಪೇರೆಂಟ್ ಪಾಮ್‌ನಲ್ಲಿರುವ ಪ್ರೊಫೈಲ್ ಮಾಡ್ಯೂಲ್‌ಗಳಿಗೂ ಅನ್ವಯಿಸುತ್ತದೆಯೇ? ಡೀಫಾಲ್ಟ್ ಪ್ರೊಫೈಲ್ ಕೆಲವೊಮ್ಮೆ ಕೆಲಸ ಮಾಡದಿರುವುದೇಕೆ?

ಉತ್ತರ: ಮಾಡ್ಯೂಲ್‌ಗೆ ಬರುವುದು ಪ್ರೊಫೈಲ್ ಅಲ್ಲ, ಅದರ ಪರಿಣಾಮ. ಮೇವೆನ್ ಮೊದಲು ಪೇರೆಂಟ್‌ನ ಸಕ್ರಿಯ ಪ್ರೊಫೈಲ್‌ಗಳನ್ನು ಅದೇ ಪಾಮ್‌ನೊಳಗೆ ಬೆರೆಸುತ್ತದೆ. ಹಾಗೆ ಬೆರೆತ ಪ್ರಾಪರ್ಟಿ, ಡಿಪೆಂಡೆನ್ಸಿ, ಪ್ಲಗಿನ್‌ಗಳು ಆಮೇಲೆ ಮಾಡ್ಯೂಲ್‌ಗಳಿಗೆ ಇಳಿಯುತ್ತವೆ. ಹಾಗಾಗಿ ಮಾಡ್ಯೂಲ್ ಅದೇ ಪ್ರಾಪರ್ಟಿಯನ್ನು ತನ್ನ ಪಾಮ್‌ನಲ್ಲೇ ಬರೆದುಕೊಂಡಿದ್ದರೆ ಅದರ ಮಾತೇ ನಡೆಯುತ್ತದೆ. ಪೇರೆಂಟ್‌ನ ಪ್ರೊಫೈಲ್ ಕೊಟ್ಟ ಮೌಲ್ಯ ಬಿದ್ದುಹೋಗುತ್ತದೆ. ಎಷ್ಟೋ ಜನ ಎಡವುವುದು ಇಲ್ಲಿಯೇ. ಎರಡೂ ಕಡೆ ಒಂದೇ ಹೆಸರಿನ ಪ್ರೊಫೈಲ್ ಇದ್ದರೂ ಅವು ಒಂದಾಗುವುದಿಲ್ಲ. ಕಮಾಂಡ್‌ನಲ್ಲಿ ಆ ಹೆಸರು ಕೊಟ್ಟಾಗ ಪ್ರತಿಯೊಂದೂ ತನ್ನ ಪಾಮ್‌ನಲ್ಲಿ ಎಚ್ಚರಗೊಳ್ಳುತ್ತದೆ, ಅಷ್ಟೇ.

ಡೀಫಾಲ್ಟ್ ಪ್ರೊಫೈಲ್‌ನ ಕಥೆ ಬೇರೆ. ಅದೇ ಪಾಮ್‌ನಲ್ಲಿ ಇನ್ನೊಂದು ಪ್ರೊಫೈಲ್ ಯಾವ ಕಾರಣಕ್ಕೆ ಸಕ್ರಿಯವಾದರೂ ಡೀಫಾಲ್ಟ್ ತಾನಾಗಿ ಹಿಂದೆ ಸರಿಯುತ್ತದೆ. ಜೆಡಿಕೆ ಆವೃತ್ತಿ ಹೊಂದಿಕೆಯಾದರೂ ಸಾಕು! ಅದಕ್ಕೇ ಮುಖ್ಯ ಸೆಟ್ಟಿಂಗ್‌ಗಳನ್ನು ಡೀಫಾಲ್ಟ್ ಪ್ರೊಫೈಲ್‌ನಲ್ಲಿಡದೆ ಪಾಮ್‌ನ ಮೈಯಲ್ಲೇ ಬರೆಯುವುದು ಮೇಲು ಎನ್ನುತ್ತೇನೆ. ಪ್ರಾಪರ್ಟಿಯಿಂದ ಪ್ರೊಫೈಲ್ ಎಬ್ಬಿಸಬೇಕೆಂದರೆ ಅದನ್ನು ಕಮಾಂಡ್‌ನಲ್ಲೋ ಸಿಸ್ಟಮ್ ಪ್ರಾಪರ್ಟಿಯಾಗಿಯೋ ಕೊಡಬೇಕು. ಪಾಮ್‌ನೊಳಗಿನ ಪ್ರಾಪರ್ಟಿ ಲೆಕ್ಕಕ್ಕಿಲ್ಲ. ಅನುಮಾನವಿದ್ದಾಗ ಹೆಲ್ಪ್ ಪ್ಲಗಿನ್‌ನ ಎಫೆಕ್ಟಿವ್-ಪಾಮ್ ಗೋಲ್ ಅನ್ನು ಆ ಮಾಡ್ಯೂಲ್‌ನಲ್ಲೇ ಓಡಿಸಿ ನೋಡಿ.