ಬ್ರೇಕ್ ಡಿಸ್ಕ್: ಲೇತ್‌ಗೆ ಕೊಡೋದಾ, ಹೊಸದು ಹಾಕಿಸೋದಾ? ಅಳತೆ ನೋಡಿ ತೀರ್ಮಾನ ಮಾಡಿ

ಜಯಲಕ್ಷ್ಮಿಪುರಂ (ಮೈಸೂರು): ಕಾಳಿದಾಸ ರಸ್ತೆಯಲ್ಲಿ ಬರುವಾಗ ಬ್ರೇಕ್ ತುಳಿದರೆ ಸ್ಟೇರಿಂಗ್ ಗಡಗಡ ನಡುಗುತ್ತದೆ. ಗ್ಯಾರೇಜಿಗೆ ಬಿಟ್ಟರೆ ಒಬ್ಬರು ‘ಡಿಸ್ಕ್ ಹೋಗಿದೆ ಸಾರ್, ಎರಡೂ ಹೊಸದು ಹಾಕ್ಸಿಬಿಡಿ’ ಅಂತಾರೆ. ಇನ್ನೊಬ್ಬರು ‘ಲೇತ್‌ಗೆ ಕೊಟ್ರೆ ಸಾಕು’ ಅಂತಾರೆ. ಮತ್ತೊಬ್ಬರು ‘ಪ್ಯಾಡ್ ಮಾತ್ರ ಚೇಂಜ್ ಮಾಡಿ, ಡಿಸ್ಕ್ ಇನ್ನೂ ಓಡುತ್ತೆ’ ಅಂತಾರೆ. ಮೂವರಲ್ಲಿ ಯಾರ ಮಾತು ಸರಿ? ಡಿಸ್ಕ್ ಬಿಚ್ಚಿ ಅಳೆಯದೆ ಮೂವರಲ್ಲಿ ಯಾರೂ ಖಚಿತವಾಗಿ ಹೇಳಲಾರರು.

ಗಟ್ಟಿಯಾಗಿರುವ ಡಿಸ್ಕ್ ಬಿಸಾಕಿದರೆ ದುಡ್ಡು ದಂಡ. ಸವೆದು ತೆಳ್ಳಗಾದದ್ದನ್ನೇ ಓಡಿಸಿದರೆ ಜೀವಕ್ಕೇ ಅಪಾಯ. ಎರಡನ್ನೂ ತಪ್ಪಿಸಲು ವಾಹನ ಮಾಲೀಕರು ತಿಳಿದಿರಬೇಕಾದ ವಿಷಯ ಹೆಚ್ಚೇನಿಲ್ಲ.

ದಪ್ಪ ಯಾಕೆ ಮುಖ್ಯ?

ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ. ಬ್ರೇಕ್ ತುಳಿದಾಗ ಎರಡು ಪ್ಯಾಡ್‌ಗಳು ಅದನ್ನು ಎರಡೂ ಕಡೆಯಿಂದ ಹಿಡಿದು ಉಜ್ಜುತ್ತವೆ. ಗಾಡಿಯ ವೇಗವೆಲ್ಲ ಬಿಸಿಯಾಗಿ ಆ ತಟ್ಟೆಯೊಳಗೆ ಇಳಿಯುತ್ತದೆ. ತಟ್ಟೆ ಆ ಬಿಸಿಯನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು ಗಾಳಿಗೆ ಬಿಡುತ್ತದೆ.

ಡಿಸ್ಕ್ ತೆಳ್ಳಗಾದಷ್ಟೂ ಬೇಗ ಕಾಯುತ್ತದೆ. ಊರೊಳಗೆ ನಿಧಾನವಾಗಿ ಓಡಾಡುವಾಗ ಇದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಐದು ಜನರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಇಳಿಯುವಾಗ, ಹುಣಸೂರು ರಸ್ತೆ ಹಿಡಿದು ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವಾಗ, ಅಥವಾ ಅಂಗಡಿಗೆ ಮಾಲು ತುಂಬಿಕೊಂಡ ಗಾಡಿಯನ್ನು ಗಕ್ಕನೆ ನಿಲ್ಲಿಸಬೇಕಾದಾಗ. ಬಿಸಿ ಮಿತಿಮೀರಿದರೆ ಪ್ಯಾಡ್ ಹಿಡಿತ ಬಿಡುತ್ತದೆ. ಬ್ರೇಕ್ ಆಯಿಲ್ ಕುದ್ದರೆ ಪೆಡಲ್ ಮೆತ್ತಗಾಗಿ ಕೆಳಗಿಳಿದುಬಿಡುತ್ತದೆ. ತೀರಾ ತೆಳ್ಳಗಾದ ಡಿಸ್ಕ್ ಬಿರುಕು ಬಿಡುವುದೂ ಉಂಟು.

ಮಿತಿ ಡಿಸ್ಕ್ ಮೇಲೇ ಬರೆದಿರುತ್ತದೆ

ಎಷ್ಟು ಸವೆಯುವವರೆಗೆ ಓಡಿಸಬಹುದು ಅನ್ನೋದನ್ನು ಕಂಪನಿಯೇ ನಿಗದಿ ಮಾಡಿರುತ್ತದೆ. ಹೆಚ್ಚಿನ ಡಿಸ್ಕ್‌ಗಳ ಅಂಚಿನಲ್ಲಿ ಅಥವಾ ನಡುಭಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಮಿನ್ ಟಿಎಚ್’ ಎಂದು ಕೊರೆದು, ಮುಂದೆ ಒಂದು ಸಂಖ್ಯೆ ಇರುತ್ತದೆ. ಕನಿಷ್ಠ ದಪ್ಪ ಇಷ್ಟಿರಬೇಕು ಎಂದು ಅದರರ್ಥ. ತುಕ್ಕು ಹಿಡಿದಿದ್ದರೆ ತಂತಿ ಬ್ರಷ್‌ನಲ್ಲಿ ಉಜ್ಜಿದರೆ ಕಾಣುತ್ತದೆ. ಅಳಿಸಿಹೋಗಿದ್ದರೆ ಆ ಮಾಡೆಲ್‌ನ ಸರ್ವಿಸ್ ಪುಸ್ತಕದಲ್ಲಿ ಸಿಗುತ್ತದೆ.

ಅಳೆಯುವುದರಲ್ಲಿ ಒಂದು ಎಚ್ಚರಿಕೆ ಬೇಕು. ಪ್ಯಾಡ್ ತಾಗದ ಹೊರ ಅಂಚು ಸವೆಯದೆ ದಿಂಡಿನಂತೆ ಉಳಿದಿರುತ್ತದೆ. ಸಾದಾ ವರ್ನಿಯರ್ ಹಿಡಿದರೆ ಆ ಅಂಚಿನ ದಪ್ಪವೇ ಸಿಕ್ಕಿ, ಡಿಸ್ಕ್ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಮೈಕ್ರೋಮೀಟರ್‌ನಿಂದ, ಪ್ಯಾಡ್ ಉಜ್ಜುವ ಜಾಗದಲ್ಲೇ, ಸುತ್ತಲೂ ಆರೇಳು ಕಡೆ ಅಳೆಯಬೇಕು. ಸಿಕ್ಕಿದ್ದರಲ್ಲಿ ಅತಿ ಕಡಿಮೆ ಸಂಖ್ಯೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಲೆಕ್ಕ ಹೀಗಿದೆ

ಉದಾಹರಣೆಗೆ, ಹೊಸದಿದ್ದಾಗ 22 ಮಿ.ಮೀ. ದಪ್ಪ ಇದ್ದ ಡಿಸ್ಕ್‌ಗೆ ಕನಿಷ್ಠ ಮಿತಿ 20 ಮಿ.ಮೀ. ಎಂದಿಟ್ಟುಕೊಳ್ಳಿ. ಈಗ ಅಳೆದರೆ 21.2 ಇದೆ. ಗೀರು ಹೋಗಬೇಕಾದರೆ ಲೇತ್‌ನಲ್ಲಿ ಒಂದೊಂದು ಕಡೆ 0.3 ಮಿ.ಮೀ. ತೆಗೆಯಬೇಕು, ಒಟ್ಟು 0.6. ಉಳಿಯುವುದು 20.6. ಮುಂದಿನ ಸವೆತಕ್ಕೂ ಜಾಗ ಇರುವುದರಿಂದ ಲೇತ್ ಮಾಡಿಸಬಹುದು.

ಅದೇ ಡಿಸ್ಕ್ ಈಗಲೇ 20.5ಕ್ಕೆ ಬಂದಿದ್ದರೆ? ಲೇತ್ ಆದ ಮೇಲೆ 19.9 ಆಗುತ್ತದೆ, ಮಿತಿಗಿಂತ ಕೆಳಗೆ. ಎಷ್ಟೇ ಫಳಫಳ ಹೊಳೆದರೂ ಅದನ್ನು ಗಾಡಿಗೆ ಹಾಕಬಾರದು. ಲೇತ್ ಆದ ಮೇಲೆ ಮಿತಿಯ ಹತ್ತಿರಕ್ಕೇ ಬಂದು ನಿಲ್ಲುವಂತಿದ್ದರೂ ಹೊಸದೇ ಲೇಸು. ಕೆಲವೇ ತಿಂಗಳಲ್ಲಿ ಮತ್ತೆ ಬಿಚ್ಚುವ ಕೂಲಿ ಕೊಡಬೇಕಾಗುತ್ತದೆ.

ಯಾವಾಗ ಏನು?

ಏನೂ ಬೇಡ: ದಪ್ಪ ಸಾಕಷ್ಟಿದೆ, ನಡುಕ ಇಲ್ಲ, ಮೇಲ್ಮೈ ನುಣ್ಣಗಿದೆ ಅಂದರೆ ಪ್ಯಾಡ್ ಬದಲಿಸಿದಾಗಲೆಲ್ಲ ಲೇತ್ ಮಾಡಿಸಬೇಕಿಲ್ಲ. ಮಳೆಗಾಲದ ಬೆಳಿಗ್ಗೆ ಡಿಸ್ಕ್ ಮೇಲೆ ಕಾಣುವ ಕೆಂಪು ತುಕ್ಕಿಗೂ ಹೆದರಬೇಡಿ, ನಾಲ್ಕೈದು ಸಲ ಬ್ರೇಕ್ ಹಾಕಿದರೆ ಅಳಿಸಿಹೋಗುತ್ತದೆ.

ಲೇತ್: ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ, ಅಥವಾ ದಪ್ಪ ಒಂದೊಂದು ಕಡೆ ಒಂದೊಂದು ಥರ ಆಗಿ ಪೆಡಲ್ ನಡುಗುತ್ತಿದ್ದರೆ. ಕೆಲಸ ಮುಗಿದ ಮೇಲೂ ಮಿತಿಗಿಂತ ಮೇಲಿರಬೇಕು ಅನ್ನೋದು ಷರತ್ತು.

ಹೊಸದು: ಮಿತಿ ಮುಟ್ಟಿದ್ದರೆ, ಬಿರುಕು ಕಂಡರೆ, ತುಕ್ಕು ತಿಂದು ಗುಳಿ ಬಿದ್ದಿದ್ದರೆ, ಬಿಸಿಗೆ ಕಾದು ನೀಲಿ ಮಚ್ಚೆಗಳು ಮೂಡಿದ್ದರೆ. ಅಂಥ ಮಚ್ಚೆ ಇರುವ ಕಡೆ ಕಬ್ಬಿಣ ಒಳಗಿನವರೆಗೂ ಗಡಸಾಗಿರುತ್ತದೆ, ಲೇತ್ ಮಾಡಿದರೂ ನಡುಕ ಮತ್ತೆ ಬರಬಹುದು. ಬದಲಿಸುವಾಗ ಎಡ-ಬಲ ಎರಡನ್ನೂ ಒಟ್ಟಿಗೇ ಬದಲಿಸಬೇಕು, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯಬಹುದು. ಹೊಸ ಡಿಸ್ಕ್‌ಗೆ ಪ್ಯಾಡ್ ಕೂಡ ಹೊಸದಿರಲಿ.

ನಡುಕವೆಲ್ಲ ಡಿಸ್ಕ್‌ನದ್ದಲ್ಲ

ಬ್ರೇಕ್ ಮುಟ್ಟದಿದ್ದರೂ ಒಂದು ವೇಗಕ್ಕೆ ಬಂದಾಗ ಸ್ಟೇರಿಂಗ್ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ನೋಡಿಸಿ. ಒದ್ದೆ ರಸ್ತೆಯಲ್ಲಿ ಜೋರಾಗಿ ತುಳಿದಾಗ ಮಾತ್ರ ಪೆಡಲ್ ಟಕಟಕ ಹೊಡೆದರೆ ಅದು ಎಬಿಎಸ್ ತನ್ನ ಕೆಲಸ ಮಾಡುತ್ತಿರುವ ಲಕ್ಷಣ.

ಇನ್ನು ‘ಡಿಸ್ಕ್ ಬೆಂಡಾಗಿದೆ’ ಅನ್ನುವ ಮಾತು. ತಲೆಗೂದಲಿನ ದಪ್ಪದಷ್ಟು ಓರೆಯಾಗಿ ತಿರುಗಿದರೂ ದಿನ ಕಳೆದಂತೆ ಡಿಸ್ಕ್ ಏರುಪೇರಾಗಿ ಸವೆದು ನಡುಕ ಶುರುವಾಗಬಹುದು. ಎಷ್ಟೋ ಸಲ ಇದಕ್ಕೆ ಕಾರಣ ಡಿಸ್ಕ್ ಅಲ್ಲ, ಅದು ಕೂರುವ ಹಬ್ ಮೇಲಿನ ತುಕ್ಕು. ಅಥವಾ ಪಂಕ್ಚರ್ ಹಾಕಿದಾಗ ವೀಲ್ ನಟ್‌ಗಳನ್ನು ಒಂದು ಬಿಗಿ, ಒಂದು ಸಡಿಲ ಅನ್ನೋ ಹಾಗೆ ಏರ್ ಗನ್‌ನಲ್ಲಿ ತಿರುಗಿಸಿರುವುದು. ಹಬ್ ಉಜ್ಜದೆ, ನಟ್ ಸರಿಯಾಗಿ ಬಿಗಿಯದೆ ಹೊಸ ಡಿಸ್ಕ್ ಹಾಕಿದರೂ ಅದೇ ತೊಂದರೆ ಮರಳುತ್ತದೆ. ಒಂದು ಪ್ಯಾಡ್ ಪೂರ್ತಿ ಸವೆದು ಇನ್ನೊಂದು ಹಾಗೇ ಉಳಿದಿದ್ದರೆ ಕ್ಯಾಲಿಪರ್‌ನ ಪಿನ್ ಜಾಮ್ ಆಗಿರಬಹುದು. ಅದನ್ನು ಬಿಚ್ಚಿ, ಕ್ಲೀನ್ ಮಾಡಿ, ಅದಕ್ಕೆಂದೇ ಬರುವ ಗ್ರೀಸ್ ಹಚ್ಚಬೇಕು.

ಬೈಕ್, ಸ್ಕೂಟರ್‌ಗಳಿಗೆ ಬೇರೆ ಮಾತು

ದ್ವಿಚಕ್ರ ವಾಹನದ ಡಿಸ್ಕ್ ಪ್ಲೇಟ್ ಮೊದಲೇ ತೆಳು. 4 ಮಿ.ಮೀ. ದಪ್ಪದ ಪ್ಲೇಟ್‌ಗೆ 3.5 ಮಿತಿ ಇರುವುದು ಸಾಮಾನ್ಯ. ಲೇತ್‌ಗೆ ಕೊಡುವಷ್ಟು ಕಬ್ಬಿಣವೇ ಅಲ್ಲಿಲ್ಲ. ಮಿತಿ ದಾಟಿದರೆ ಅಥವಾ ಬೆಂಡಾದರೆ ಬದಲಿಸುವುದೊಂದೇ ದಾರಿ. ಹಿಂದಿನ ಚಕ್ರದಲ್ಲಿ ಡ್ರಮ್ ಇರುವ ಕಾರು, ಸರಕು ಗಾಡಿಗಳಲ್ಲಿ ಲೆಕ್ಕ ತಿರುಗಾಮುರುಗಾ. ಡ್ರಮ್ ಸವೆದಂತೆ ಒಳಗಿನ ವ್ಯಾಸ ಹಿಗ್ಗುತ್ತದೆ, ಹಾಗಾಗಿ ಅದರ ಮೇಲೆ ಗರಿಷ್ಠ ವ್ಯಾಸ ಕೊರೆದಿರುತ್ತದೆ.

ಗ್ಯಾರೇಜಿನಲ್ಲಿ ಕೇಳಿ

1. ಡಿಸ್ಕ್ ಮೇಲಿನ ಮಿತಿ ಎಷ್ಟು, ಈಗಿನ ಅಳತೆ ಎಷ್ಟು? ಎರಡನ್ನೂ ಬಿಲ್ ಮೇಲೆ ಬರೆದುಕೊಡಿ.
2. ಲೇತ್ ಆದ ಮೇಲೆ ಎಷ್ಟು ಉಳಿಯುತ್ತದೆ? ಲೇತ್ ಕೂಲಿ ಎಷ್ಟು, ಹೊಸ ಜೋಡಿಯ ಬೆಲೆ ಎಷ್ಟು?
3. ಹಬ್ ಉಜ್ಜಿದ್ರಾ? ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಬಿಗಿದ್ರಾ?
4. ಬಿಚ್ಚಿದ ಹಳೇ ಡಿಸ್ಕ್ ತೋರಿಸಿ.

ಹೊಸ ಡಿಸ್ಕ್ ಮೇಲೆ ತುಕ್ಕು ಹಿಡಿಯದಿರಲಿ ಎಂದು ಎಣ್ಣೆ ಸವರಿರಬಹುದು. ಅದನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿಯೇ ಕೂರಿಸಬೇಕು. ಮೊದಲ 200–300 ಕಿ.ಮೀ. ತುರ್ತಿನ ಹೊರತು ಜೋರಾಗಿ ಬ್ರೇಕ್ ಹಾಕದಿದ್ದರೆ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಬೆಟ್ಟ ಇಳಿಯುವಾಗ ಎರಡನೇ ಗೇರ್‌ನಲ್ಲಿ ಇಳಿಯಿರಿ, ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬರಬೇಡಿ, ನ್ಯೂಟ್ರಲ್ ಅಂತೂ ಬೇಡವೇ ಬೇಡ. ಇಳಿದ ತಕ್ಷಣ ಕಾದ ಡಿಸ್ಕ್‌ಗೆ ನೀರು ಎರಚಬೇಡಿ.

ಮುಂದಿನ ಸರ್ವಿಸ್‌ಗೆ ಬಿಟ್ಟಾಗ ಪ್ಯಾಡ್ ಜೊತೆ ಡಿಸ್ಕ್ ದಪ್ಪವನ್ನೂ ಅಳೆಯಲು ಹೇಳಿ. ಚಕ್ರ ಹೇಗೂ ಬಿಚ್ಚಿರುತ್ತದೆ, ಐದು ನಿಮಿಷದ ಕೆಲಸ.