ಬಣ್ಣದ ಕಮ್ಮಟ

ಮನಸ್ಸಿನ ಸ್ಥಿತಿಗಳನ್ನು ಹೇಳುವ ನಮ್ಮ ಅನೇಕ ಶಬ್ದಗಳು ಬಣ್ಣಗಾರನ ಮನೆಯಿಂದ ಬಂದವು. ಸಂಸ್ಕೃತದ 'ರಂಜ್' ಎಂಬ ಧಾತುವಿಗೆ ಬಣ್ಣವೇರುವುದೆಂಬುದೇ ಮೂಲಾರ್ಥ. ರಾಗ, ರಂಗ, ರಂಜನೆ, ಅನುರಾಗ ಎಂಬ ಮಾತುಗಳೆಲ್ಲ ಅದರಿಂದ ಹುಟ್ಟಿದವು. ಬಣ್ಣ ಹತ್ತಿದ್ದು ರಕ್ತ. ಒಂದರ ಬಣ್ಣವನ್ನೇ ಹಿಡಿದು ನಿಂತದ್ದು ಅನುರಕ್ತ. ಬಣ್ಣ ಬಿಟ್ಟದ್ದು ವಿರಕ್ತ. ಮಠದ ನೆರಳಿನಲ್ಲಿ ಓದುವ ನಮ್ಮ ಮಕ್ಕಳು ದಿನವೂ ಕೇಳುವ 'ವಿರಕ್ತ' ಎಂಬ ಮಾತಿನಲ್ಲಿಯೂ ಹೀಗೆ ಒಂದು ಬಟ್ಟೆ, ಒಂದು ಬಣ್ಣದ ಹಂಡೆ ಅಡಗಿವೆ. ಒಗರು ರುಚಿಗೂ, ಕುದಿಸಿ ಇಳಿಸಿದ ರಸಕ್ಕೂ ಕಷಾಯವೆಂದೇ ಹೆಸರು. ಕಾಷಾಯವಸ್ತ್ರವೆಂಬ ಮಾತು ಆ ಶಬ್ದದಿಂದಲೇ ಬಂದದ್ದು.

ಅಲಂಕಾರಶಾಸ್ತ್ರವನ್ನು ಓದಿದವರಿಗೆ ಇನ್ನೊಂದು ವಿಷಯ ನೆನಪಿಗೆ ಬಂದೀತು. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ತನ್ನ 'ಸಾಹಿತ್ಯದರ್ಪಣ'ದಲ್ಲಿ ಪೂರ್ವರಾಗವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ನೀಲೀರಾಗ, ಕುಸುಂಭರಾಗ, ಮಂಜಿಷ್ಠಾರಾಗ. ಹೆಚ್ಚು ಥಳಥಳಿಸದಿದ್ದರೂ ಮನಸ್ಸನ್ನು ಬಿಟ್ಟುಹೋಗದ ಪ್ರೀತಿ ಮೊದಲನೆಯದು. ಹೊಳೆಯುವುದಾದರೂ ನಿಲ್ಲದೆ ಹೋಗುವುದು ಎರಡನೆಯದು. ಬಿಟ್ಟುಹೋಗದೆ ಅತಿಶಯವಾಗಿ ಶೋಭಿಸುವುದು ಮೂರನೆಯದು. ಈ ವಿಭಾಗವನ್ನು ನಾನು ವಿದ್ವತ್ ಪರೀಕ್ಷೆಗಾಗಿ ಕಂಠಪಾಠ ಮಾಡಿದೆನು. ಅನಂತರ ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ಆಸಕ್ತರಾದ ಶಿಷ್ಯರಿಗೆ ಪಾಠವನ್ನೂ ಹೇಳಿದೆನು. ಕುಸುಂಭವೆಂದರೇನು ಎಂದು ಕೇಳಿದವರಿಗೆ 'ಒಂದು ಬಗೆಯ ಕೆಂಪು ಹೂವು' ಎಂದು ಹೇಳಿ ಮುಂದಿನ ಸೂತ್ರಕ್ಕೆ ಹೋಗುತ್ತಿದ್ದೆನು. ಆ ಹೂವು ನಮ್ಮ ಎರೆಭೂಮಿಯಲ್ಲಿ ಎಣ್ಣೆಗಾಗಿ ಬೆಳೆಯುವ ಮುಳ್ಳಿನ ಕುಸುಬೆಯೇ ಎಂಬುದು ನಿಘಂಟಿನಿಂದ ತಿಳಿದಿತ್ತು. ಆದರೆ ಅದರ ಬಣ್ಣ ಹೇಗೆ ಬರುತ್ತದೆ, ಏಕೆ ಹೋಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿರಲಿಲ್ಲ. ಅದನ್ನು ಕಾಣುವ ಯೋಗವು ನಮ್ಮ ಶಾಲೆಯ ಅಂಗಳದಲ್ಲಿ ಮೂರು ದಿನ ನಡೆದ ಬಣ್ಣಗಾರಿಕೆಯ ಕಮ್ಮಟದಿಂದ ಒದಗಿತು. ಕಮ್ಮಟವೆಂದರೆ ನಾಣ್ಯಗಳನ್ನು ಅಚ್ಚು ಹಾಕುವ ಟಂಕಸಾಲೆ. ಕೈಯಿಂದ ಮಾಡುತ್ತ ಕಲಿಯುವ ಕೂಟಕ್ಕೆ ಈ ಹೆಸರು ಎಷ್ಟು ಒಪ್ಪುತ್ತದೆಂಬುದನ್ನು ಆ ಮೂರು ದಿನ ಕಂಡೆನು.

ಮೊದಲು ಬಟ್ಟೆಯ ಸಿದ್ಧತೆ

ಕೈಮಗ್ಗದ ನೂಲಿಗೆ ಬಣ್ಣ ಹಾಕುವುದರಲ್ಲಿ ಪಳಗಿದ ಇಬ್ಬರು ಕುಶಲಿಗಳು ಬಂದಿದ್ದರು. ಮೊದಲ ದಿನ ಅವರು ಬಣ್ಣವನ್ನೇ ಮುಟ್ಟಲಿಲ್ಲ. ಬಿಳಿಯ ಹತ್ತಿ ಬಟ್ಟೆಯನ್ನು ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ಒಗೆದು, ಮತ್ತೆ ಒಗೆಯುವುದರಲ್ಲಿಯೇ ಹೊತ್ತು ಕಳೆಯಿತು. ನೇಯುವಾಗ ಹಾಸಿಗೆ ಬಳಿದ ಗಂಜಿಯೂ ನೂಲಿನಲ್ಲಿ ಸಹಜವಾಗಿರುವ ಮೇಣದ ಅಂಶವೂ ಹೋಗದಿದ್ದರೆ ನೀರು ಎಳೆಯೊಳಕ್ಕೆ ಇಳಿಯದು. ನೀರು ಇಳಿಯದ ಕಡೆ ಬಣ್ಣವೂ ಇಳಿಯದು. ನಾನು ವಯಸ್ಸಿನ ಆತುರದಿಂದಲೋ ಪಾಂಡಿತ್ಯದ ಗರ್ವದಿಂದಲೋ ಒಂದೇ ಬಾರಿ ಒಗೆದು ಸಾಕೆಂದು ಬಟ್ಟೆಯನ್ನು ಹರವಿದೆನು. ತರಗತಿಯಲ್ಲಿ ಬಾಯಿ ಬಿಡದ ಒಬ್ಬ ಹುಡುಗನು ಅದರ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ, "ಗುರುಗಳ, ಅರಿವಿ ಇನ್ನೂ ಗಂಜಿ ಬಿಟ್ಟಿಲ್ರೀ" ಎಂದನು. ಹನಿಯು ಬಟ್ಟೆಯ ಮೇಲೆ ಮುತ್ತಿನಂತೆ ನಿಂತಿತ್ತು. ಆದರೂ ನಾನು ಕೇಳಲಿಲ್ಲ. ಮರುದಿನ ಎಲ್ಲರ ಬಟ್ಟೆಗಳೂ ಸಮನಾಗಿ ಕೆಂಪಾದಾಗ ನನ್ನದು ಮಾತ್ರ ಮೋಡ ಕವಿದ ಆಕಾಶದಂತೆ ಕಲೆಕಲೆಯಾಯಿತು.

ಒಗೆದ ಮೇಲೆ ಎರಡನೆಯ ಸಂಸ್ಕಾರ. ಹತ್ತಿಯ ನೂಲಿಗೆ ಬಹುಪಾಲು ಸಸ್ಯವರ್ಣಗಳು ತಾವಾಗಿ ಅಂಟಿಕೊಳ್ಳವು. ನಡುವೆ ಬಂಧಕದ್ರವ್ಯವೊಂದು ಬೇಕು. ವಿಜ್ಞಾನದ ಉಪಾಧ್ಯಾಯರು ಇದನ್ನು ಮಾರ್ಡೆಂಟ್ ಎನ್ನುತ್ತಾರೆ. ಒಂದು ಕಿಲೋ ಬಟ್ಟೆಗೆ ಸುಮಾರು 200 ಗ್ರಾಂ ಅಳಲೆಕಾಯಿಯ ಪುಡಿಯನ್ನು ನೀರಿನಲ್ಲಿ ಕದಡಿ ಅದರಲ್ಲಿ ಬಟ್ಟೆಯನ್ನು ನೆನೆಸಿ ಒಣಗಿಸಿದೆವು. ಆಮೇಲೆ 150ರಿಂದ 200 ಗ್ರಾಂ ಪಟಿಕವನ್ನು ಕರಗಿಸಿದ ನೀರಿನಲ್ಲಿ ಅದ್ದಿದೆವು. ಅಳಲೆಯ ಒಗರು ನೂಲನ್ನು ಹಿಡಿಯುತ್ತದೆ. ಪಟಿಕದಲ್ಲಿರುವ ಅಲ್ಯೂಮಿನಿಯಂ ಆ ಒಗರನ್ನು ಹಿಡಿಯುತ್ತದೆ. ಬಣ್ಣವು ಅಲ್ಯೂಮಿನಿಯಮನ್ನು ಹಿಡಿದು ನೀರಿನಲ್ಲಿ ಕರಗದ ರೂಪವನ್ನು ತಾಳುತ್ತದೆ. ಹೀಗೆ ಕೈಗೆ ಕೈ ಕೊಟ್ಟು ನಿಂತ ಬಣ್ಣ ಒಗೆತಕ್ಕೆ ಜಗ್ಗದು.

ಮೂರು ರಾಗಗಳು

ಮಂಜಿಷ್ಠವು ಬೆಟ್ಟಗಾಡಿನಲ್ಲಿ ಹಬ್ಬುವ ಬಳ್ಳಿ. ಬಣ್ಣವಿರುವುದು ಅದರ ಬೇರಿನಲ್ಲಿ. ಬೇರಿನ ಪುಡಿಯನ್ನು ನೀರಿಗೆ ಹಾಕಿ, ಒಮ್ಮೆಲೇ ಕುದಿಸದೆ ಮೆಲ್ಲಮೆಲ್ಲನೆ ಕಾಯಿಸುತ್ತ, ಬಟ್ಟೆಯನ್ನು ತಿರುವುತ್ತ ಗಂಟೆಯ ಮೇಲೆ ಕಾಯಬೇಕು. ಕಬ್ಬಿಣದ ಪಾತ್ರೆಯಾದರೆ ಕೆಂಪು ಮಂಕಾಗುತ್ತದೆ. ಮೊಹೆಂಜೊದಾರೊ ಅಗೆತದಲ್ಲಿ ದೊರೆತ ಹತ್ತಿ ಬಟ್ಟೆಯ ಚೂರಿಗೆ ಈ ಜಾತಿಯ ಬೇರಿನ ಬಣ್ಣವೇ ಹತ್ತಿದ್ದಿತೆಂದು ತಜ್ಞರು ಗುರುತಿಸಿದ್ದಾರೆ. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಬಂಧಕದ್ರವ್ಯದ ಮರ್ಮವನ್ನು ಈ ನೆಲದ ಜನ ಅರಿತಿದ್ದರೆಂಬುದಕ್ಕೆ ಇದು ಸಾಕ್ಷಿ.

ಕುಸುಬೆಯ ರೀತಿಯೇ ಬೇರೆ. ಅದರ ಒಣಗಿದ ಎಸಳುಗಳಲ್ಲಿ ಹಳದಿ, ಕೆಂಪು ಎರಡೂ ಇವೆ. ಎಸಳುಗಳನ್ನು ಬಟ್ಟೆಯಲ್ಲಿ ಕಟ್ಟಿ ತಣ್ಣೀರಿನಲ್ಲಿ ಹಿಂಡುತ್ತ ಹೋದರೆ ಹಳದಿಯೆಲ್ಲ ಹರಿದುಹೋಗುತ್ತದೆ. ಉಳಿದ ಎಸಳನ್ನು ಬೂದಿಯ ತಿಳಿಯಲ್ಲಿಯೋ ಸೋಡಾನೀರಿನಲ್ಲಿಯೋ ನೆನೆಸಿದರೆ ಕೆಂಪು ಕರಗುತ್ತದೆ. ಆ ನೀರಿನಲ್ಲಿ ಬಟ್ಟೆಯನ್ನಿಟ್ಟು ನಿಂಬೆಯ ರಸವನ್ನು ಹಿಂಡಿದಾಗ ಕೆಂಪು ತಿರುಗಿ ಘನವಾಗಿ ನೂಲಿನ ಮೇಲೆ ಕೂರುತ್ತದೆ. ಬೆಂಕಿಯ ಹಂಗಿಲ್ಲ, ಪಟಿಕದ ಹಂಗಿಲ್ಲ. ನೂರು ಪಾಲು ಹೂವಿನಲ್ಲಿ ಒಂದು ಪಾಲು ಕೆಂಪೂ ದೊರೆಯದು. ಆದರೆ ದೊರೆತಷ್ಟು ಕೆಂಪು ಕಣ್ಣು ಕೋರೈಸುತ್ತದೆ. ಮಕ್ಕಳೆಲ್ಲರೂ ಮೊದಲು ಹಿಡಿದು ಕುಣಿದದ್ದು ಆ ಗುಲಾಬಿ ಬಟ್ಟೆಯನ್ನೇ. ಅಮರಸಿಂಹನು ಕುಸುಂಭಕ್ಕೆ 'ಮಹಾರಜನ' ಎಂಬ ಹೆಸರನ್ನೂ ಹೇಳಿರುವುದು ಆಗ ನನ್ನ ಮನಸ್ಸಿಗೆ ಬಂತು.

ಮೂರನೆಯದು ನೀಲಿ, ಅಮರಕೋಶದ 'ರಂಜನೀ'. ಈ ಗಿಡದ ಎಲೆಯಲ್ಲಿ ನೀಲಿಯಿಲ್ಲ, ನೀಲಿಯಾಗಬಲ್ಲ ಬಣ್ಣವಿಲ್ಲದ ಸತ್ತ್ವ ಮಾತ್ರ ಇದೆ. ಎಲೆಗಳನ್ನು ನೀರಿನಲ್ಲಿ ಕೊಳೆಹಾಕಿ, ಆ ನೀರನ್ನು ಗಾಳಿಯಾಡುವಂತೆ ಬಡಿದಾಗ ನೀಲಿ ಹುಟ್ಟಿ ತಳದಲ್ಲಿ ನಿಲ್ಲುತ್ತದೆ; ಅದನ್ನು ಒಣಗಿಸಿ ಬಿಲ್ಲೆ ಮಾಡುತ್ತಾರೆ. ಈ ಬಿಲ್ಲೆ ನೀರಿನಲ್ಲಿ ಕರಗದು. ಒಂದು ಪಾಲು ನೀಲಿಗೆ ಎರಡು ಪಾಲು ಸುಣ್ಣ, ಮೂರು ಪಾಲು ಬೆಲ್ಲ ಕೂಡಿಸಿ ಬಿಸಿನೀರಿನಲ್ಲಿ ಮುಚ್ಚಿಟ್ಟೆವು. ಬೆಲ್ಲವು ನೀಲಿಯಿಂದ ಆಮ್ಲಜನಕದ ಪ್ರಭಾವವನ್ನು ಕಳೆಯಿತು. ಸುಣ್ಣದ ಕ್ಷಾರದಲ್ಲಿ ಅದು ಕರಗಿ ಹಳದಿ ಬೆರೆತ ಹಸುರಾಯಿತು. ಮೇಲೆ ತಾಮ್ರದ ಹೊಳಪಿನ ಕೆನೆ ಕಟ್ಟಿದಾಗ ಬಾನಿ ಹದಕ್ಕೆ ಬಂದಿತೆಂದು ಗುರುತು. ಅದ್ದಿದ ಬಟ್ಟೆಯನ್ನು ಹೊರಗೆ ತೆಗೆದಾಗ ಹಸುರಾಗಿತ್ತು. ಗಾಳಿ ತಾಕಿದಂತೆ ನೋಡನೋಡುತ್ತಿದ್ದ ಹಾಗೆಯೇ ನೀಲಿಯಾಯಿತು. ಹೆಚ್ಚು ಹೊತ್ತು ಮುಳುಗಿಸಿಡುವುದರಿಂದ ನೀಲಿ ಗಾಢವಾಗದು. ಮತ್ತೆ ಮತ್ತೆ ಅದ್ದಿ, ಮತ್ತೆ ಮತ್ತೆ ಗಾಳಿಗೆ ಹಿಡಿಯಬೇಕು.

ಮೂರು ಬಟ್ಟೆಗಳನ್ನೂ ಅರ್ಧ ಹಲಗೆಯಿಂದ ಮುಚ್ಚಿ, ಅರ್ಧ ಬಿಸಿಲಿಗೆ ಬಿಟ್ಟು, ಹದಿನೈದು ದಿನಗಳಾದ ಮೇಲೆ ಸಾಬೂನಿನಿಂದ ಒಗೆಸಿದೆನು. ನೀಲಿ ಇದ್ದ ಹಾಗೆಯೇ ಇತ್ತು. ಮಂಜಿಷ್ಠದ ಕೆಂಪು ಇನ್ನೂ ಬೆಳಗುತ್ತಿತ್ತು. ಕುಸುಬೆಯ ಬಟ್ಟೆ ಬಿಸಿಲಿನ ಕಡೆ ಮಾಸಿತ್ತು. ಸಾಬೂನಿನ ಕ್ಷಾರ ತಾಕಿದೊಡನೆ ಉಳಿದ ಬಣ್ಣವೂ ಇಳಿಯಿತು. ಯಾವ ಕ್ಷಾರದಿಂದ ಅದು ಹೂವನ್ನು ಬಿಟ್ಟು ಬಂದಿತೋ ಅದೇ ಕ್ಷಾರಕ್ಕೆ ಬಟ್ಟೆಯನ್ನೂ ಬಿಟ್ಟಿತು. ವಿಶ್ವನಾಥನ ಮಾತಿನಲ್ಲಿ ಒಂದಕ್ಷರವೂ ಹುಸಿಯಾಗಿರಲಿಲ್ಲ. ಅವನು ಉಪಮಾನವನ್ನು ಕಲ್ಪಿಸಿರಲಿಲ್ಲ. ಅಗಸನ ಕಲ್ಲಿನ ಮೇಲೆ ಎಲ್ಲರೂ ಕಂಡದ್ದನ್ನು ಪ್ರೀತಿಗೆ ಅನ್ವಯಿಸಿದ್ದನು. ಓದುಗರು ಬಣ್ಣವನ್ನು ಬಲ್ಲವರೆಂದು ನಂಬಿ ಬರೆದನು. ನಾವು ಬಣ್ಣವನ್ನು ಮರೆತು ಸೂತ್ರವನ್ನು ಮಾತ್ರ ಉಳಿಸಿಕೊಂಡೆವು.

ಬಟ್ಟೆಯ ಮೇಲಿನ ಚಿತ್ತಾರ

ಕೊನೆಯ ದಿನ ಬಟ್ಟೆಯ ಮೈಮೇಲೆ ವಿನ್ಯಾಸ ಮೂಡಿಸುವ ಪಾಠ. ಬಟ್ಟೆಯಲ್ಲಿ ಕಾಳನ್ನಿಟ್ಟು ದಾರದಿಂದ ಬಿಗಿದು ನೀಲಿಗೆ ಅದ್ದಿದರೆ ಕಟ್ಟಿದ ಜಾಗ ಬಿಳಿಯಾಗಿ ಉಳಿದು ಚುಕ್ಕೆ ಮೂಡುತ್ತದೆ. ಗುಜರಾತ ರಾಜಸ್ಥಾನಗಳ ಬಾಂಧನಿಯ ತತ್ತ್ವ ಇದು. ಆಂಧ್ರದ ಮಚಲೀಪಟ್ಟಣ, ಶ್ರೀಕಾಳಹಸ್ತಿಗಳ ಕಲಂಕಾರಿಯಲ್ಲಿ ಬಂಧಕದ್ರವ್ಯದಿಂದಲೇ ಚಿತ್ರ ಬರೆಯುತ್ತಾರೆ: ಪಟಿಕ ಬಳಿದ ಕಡೆ ಕೆಂಪು, ಕಬ್ಬಿಣದ ನೀರು ಬಳಿದ ಕಡೆ ಕಪ್ಪು. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ವಾರಗಟ್ಟಲೆ ಕೊಳೆಸಿ ಈ ನೀರನ್ನು ಪಡೆಯುತ್ತಾರೆ. ಅಳಲೆ ಹತ್ತಿಸಿದ ಬಟ್ಟೆಯ ಮೇಲೆ ಅದರಿಂದ ನಾನು 'ಶ್ರೀ' ಎಂದು ಬರೆದೆನು. ಬರೆದ ಕ್ಷಣ ನಸುಗಂದಾಗಿದ್ದ ಅಕ್ಷರ ಕಣ್ಣೆದುರಿಗೇ ಕಪ್ಪಾಯಿತು. ನಮ್ಮ ಹಿರಿಯರು ಅಳಲೆಕಾಯಿ, ಅನ್ನಭೇದಿಗಳಿಂದ ಮಸಿ ಕಾಯಿಸುತ್ತಿದ್ದುದೂ ಇದೇ ಕ್ರಮದಿಂದ. ಲಿಪಿಕಾರನೂ ಬಣ್ಣಗಾರನೂ ಒಂದೇ ವಿದ್ಯೆಯ ಇಬ್ಬರು ಮಕ್ಕಳೆಂಬುದು ಆಗ ಸ್ಪಷ್ಟವಾಯಿತು.

ನಮ್ಮ ಸೀಮೆಯಲ್ಲಿಯೂ ಈ ವಿದ್ಯೆಯ ದೊಡ್ಡ ಪರಂಪರೆಯಿದೆ. ಇಳಕಲ್ಲಿನ ಸೀರೆಯ ಕೆಂಪು ರೇಷ್ಮೆಯ ಸೆರಗು, ಗುಳೇದಗುಡ್ಡದ ಖಣ, ಧಾರವಾಡದ ಕಡೆಯ ಹೆಣ್ಣುಮಕ್ಕಳು ಕಸೂತಿ ಹಾಕುತ್ತಿದ್ದ ಕಪ್ಪು ಚಂದ್ರಕಾಳಿ ಸೀರೆ ಇವೆಲ್ಲ ನೇಕಾರನ ಹಿಂದೆ ಬಣ್ಣಗಾರನೊಬ್ಬನಿದ್ದುದರಿಂದ ಆದವು. ನೇಕಾರ ಜೇಡರ ದಾಸಿಮಯ್ಯನನ್ನೂ ಮಡಿವಾಳ ಮಾಚಿದೇವನನ್ನೂ ಶರಣರೆಂದು ವಂದಿಸುವ ನಾಡಿನಲ್ಲಿ ಬಣ್ಣ ಹತ್ತಿದ ಕೈ ಕೀಳಾಗಲು ಕಾರಣವಿಲ್ಲ.

ಹಳೆಯದೆಲ್ಲ ಒಳ್ಳೆಯದೆಂದು ಹೇಳುವುದು ನನ್ನ ಉದ್ದೇಶವಲ್ಲ. 1856ರಲ್ಲಿ ಪರ್ಕಿನ್ ಎಂಬ ಆಂಗ್ಲ ತರುಣನು ಕೃತಕವರ್ಣವನ್ನು ಕಂಡುಹಿಡಿದನು. 1897ರಲ್ಲಿ ಜರ್ಮನಿಯ ಕಾರ್ಖಾನೆಯಿಂದ ಕೃತಕ ನೀಲಿ ಮಾರುಕಟ್ಟೆಗೆ ಬಂದಿತು. ಅದರಿಂದ ಬಡವನ ಮೈಮೇಲೂ ಬಣ್ಣದ ಬಟ್ಟೆ ಬಂದುದು ಸುಳ್ಳಲ್ಲ. ಸಸ್ಯದ ನೀಲಿಯ ಚರಿತ್ರೆಯಲ್ಲಿಯೂ ಕಣ್ಣೀರಿದೆ. ತೋಟಗಾರ ದೊರೆಗಳ ಬಲಾತ್ಕಾರವನ್ನು ತಾಳಲಾರದೆ 1859ರಲ್ಲಿ ಬಂಗಾಳದ ರೈತರು ದಂಗೆಯೆದ್ದರು. ಬಿಹಾರದ ಚಂಪಾರಣದಲ್ಲಿ ಇಪ್ಪತ್ತು ಪಾಲು ಹೊಲದಲ್ಲಿ ಮೂರು ಪಾಲು ನೀಲಿಯನ್ನೇ ಬೆಳೆಯಬೇಕೆಂಬ ಕಟ್ಟಳೆಯ ವಿರುದ್ಧ ಗಾಂಧೀಜಿಯವರು 1917ರಲ್ಲಿ ಸತ್ಯಾಗ್ರಹ ನಡೆಸಿದರು. ಬಣ್ಣ ಯಾವುದೇ ಆಗಲಿ, ಮಾಡುವವನ ಮಾನವನ್ನೂ ಊರಿನ ನೀರನ್ನೂ ಕೆಡಿಸದಂತಿರಬೇಕು. ಆದ್ದರಿಂದಲೇ ನಮ್ಮ ಕಮ್ಮಟದಲ್ಲಿ ಮೈಲುತುತ್ತ, ಕ್ರೋಮಿಯಂ ಲವಣಗಳನ್ನು ಬಳಸಲಿಲ್ಲ; ಉಳಿದ ನೀರನ್ನು ಬಾವಿಯ ಕಡೆಗೆ ಹರಿಯಗೊಡಲಿಲ್ಲ.

ಶಬ್ದಕ್ಕೆ ಬಂಧಕ

ಸಂಜೆ ಹಂಡೆಗಳನ್ನು ತೊಳೆಯುವಾಗ, ನನ್ನನ್ನು ತಿದ್ದಿದ ಆ ಹುಡುಗನನ್ನು ಕರೆದು, ಗಂಜಿಯ ಗುರುತು ಹೇಗೆ ಗೊತ್ತಾಯಿತೆಂದು ಕೇಳಿದೆನು. "ಅಜ್ಜ ಹೇಳತಿದ್ದರಿ. ಅವರ ಕಾಲಕ್ಕ ನಮ್ಮ ಮನ್ಯಾಗ ನೀಲಿ ಬಾನಿ ಇದ್ವರಿ, ಈಗ ಮ್ಯಾಲ ಪರಸಿ ಹಾಕ್ಯಾರ" ಎಂದನು. ಸಹಪಾಠಿಗಳಿಗೆ ಆ ಮಾತು ಅಂದೇ ತಿಳಿದದ್ದು. ಅದುವರೆಗೆ ಅವನು ಅದನ್ನು ಹೇಳಿಕೊಳ್ಳಲು ನಾಚುತ್ತಿದ್ದನಂತೆ. ವ್ಯಾಕರಣದಲ್ಲಿ ಅವನಿಗೆ ನಾನು ಕೊಡುತ್ತಿದ್ದ ಅಂಕಗಳನ್ನು ನೆನೆದು ನನಗೂ ನಾಚಿಕೆಯಾಯಿತು.

ಬಾನಿಯ ಮೇಲೆ ಪರಸಿಯ ಕಲ್ಲು ಬಿದ್ದಾಗ ಒಂದು ಕಸುಬು ಮಾತ್ರ ಮುಚ್ಚಿಹೋಗುವುದಿಲ್ಲ. ಅದರೊಡನೆ ಬಾನಿ, ಹದ, ತಿಳಿ, ಕೆನೆ ಎಂಬ ಮಾತುಗಳ ಜೀವವೂ ಮುಚ್ಚಿಹೋಗುತ್ತದೆ. ನಿಘಂಟಿನಲ್ಲಿ ಶಬ್ದ ಉಳಿದೀತು. ಆದರೆ ಪಟಿಕ ಕಾಣದ ಬಟ್ಟೆಯ ಬಣ್ಣದಂತೆ ಅದು ಮೊದಲ ಒಗೆತಕ್ಕೇ ಇಳಿದುಹೋದೀತು. ಶಬ್ದಕ್ಕೆ ಅರ್ಥವನ್ನು ಕಟ್ಟಿಹಾಕುವ ಬಂಧಕದ್ರವ್ಯ ಕೈಯ ಕೆಲಸ. ಆದುದರಿಂದ ಇಂತಹ ಕಮ್ಮಟವು ಉತ್ಸವದ ಅಂಗವಾಗಿ ಒಮ್ಮೆ ನಡೆದು ನಿಲ್ಲದೆ ವರ್ಷವರ್ಷವೂ ವೇಳಾಪಟ್ಟಿಯಲ್ಲಿ ಸೇರಲಿ. ಶಾಲೆಯ ಹಿತ್ತಿಲಲ್ಲಿ ನಾಲ್ಕು ಸಾಲು ನೀಲಿ, ನಾಲ್ಕು ಸಾಲು ಕುಸುಬೆ ಬೆಳೆಯಲಿ. ಊರಿನ ಹಿರಿಯ ಬಣ್ಣಗಾರರನ್ನು ಗುರುಗಳೆಂದು ಕರೆದು, ತಕ್ಕ ಸಂಭಾವನೆಯಿತ್ತು, ಅವರ ಬಾಯ ಮಾತುಗಳನ್ನು ಮಕ್ಕಳು ಬರೆದುಕೊಳ್ಳಲಿ. ಆ ಕೆಲಸಕ್ಕೆ ಈ ಪಂಡಿತನೂ ಮಕ್ಕಳ ಸಾಲಿನಲ್ಲಿಯೇ ಕುಳಿತುಕೊಳ್ಳಲು ಸಿದ್ಧನಿದ್ದಾನೆ. ಕಲೆಕಲೆಯಾದ ನನ್ನ ಬಟ್ಟೆಯನ್ನು ತರಗತಿಯ ಗೋಡೆಗೆ ತೂಗಹಾಕಿದ್ದೇನೆ. ಪೂರ್ವರಾಗದ ಪಾಠವನ್ನು ಈಗ ಅದರ ಮುಂದೆ ನಿಂತು ಹೇಳುತ್ತೇನೆ.